ಸ್ಪ್ಯಾನಿಷ್ ಕಲಿತರೆ ನೆಂಟರು ಬರುತ್ತಾರೆ

ಅರವತ್ತು ದಾಟಿದ ಮೇಲೆ ಹೊಸ ಭಾಷೆಯೊಂದನ್ನು ಕಲಿತರೆ ಹತ್ತು ಪ್ರಯೋಜನಗಳಿವೆ ಎಂದು ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಿಕ್ಕ ಕರಪತ್ರದಲ್ಲಿ ಅಚ್ಚಾಗಿತ್ತು. ನೆನಪಿನ ಶಕ್ತಿ ಹೆಚ್ಚುತ್ತದೆ, ಕಿವಿ ಚುರುಕಾಗುತ್ತದೆ, ಹೊಸ ಸ್ನೇಹಿತರು ಸಿಗುತ್ತಾರೆ, ಹೀಗೆ. ಹನ್ನೊಂದನೆಯ ಪ್ರಯೋಜನವನ್ನು ಮಾತ್ರ ಅದನ್ನು ಬರೆದ ಪುಣ್ಯಾತ್ಮರು ಬಿಟ್ಟುಬಿಟ್ಟಿದ್ದರು. ನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕದ ನೆಂಟರೆಲ್ಲ ಒಂದೇ ವಾರದಲ್ಲಿ ಹಣ್ಣು ಹಿಡಿದುಕೊಂಡು ಮನೆಗೆ ಬರುತ್ತಾರೆ.

ನಮ್ಮ ಯಜಮಾನರದು ಬೀಗದ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರಿದಾದ ಹದಿನಾಲ್ಕು ಮೆಟ್ಟಿಲು. ಬೀದಿಯಲ್ಲಿ ಎಲ್ಲರಿಗೂ ಇವರು ‘ಬೀಗದಣ್ಣ’. ಎಂಬತ್ತು ವರ್ಷದವರಿಗೂ ಅಣ್ಣ, ಎಂಟು ವರ್ಷದವರಿಗೂ ಅಣ್ಣ. ಅಂಗಡಿಯ ಒಳಗೋಡೆಗೆ ಒಂದು ಮರದ ಹಲಗೆ, ಹಲಗೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ಮನೆಯ ಕೀಲಿ. ಬಾಗಿಲು ತಾನಾಗಿ ಹಾಕಿಕೊಂಡು ಹೊರಗುಳಿದರೆ ಇರಲಿ, ಪರವೂರಿಗೆ ಹೋದಾಗ ನಲ್ಲಿ ಸೋರಿದರೆ ಇರಲಿ ಎಂದು ಬೀದಿಯ ಐವತ್ತೆಂಟು ಮನೆಯವರು ತಮ್ಮ ಎರಡನೆಯ ಕೀಲಿಯನ್ನು ಇವರ ಕೈಯಲ್ಲಿ ಕೊಟ್ಟಿಟ್ಟಿದ್ದರು. ಪ್ರತಿ ಕೀಲಿಗೂ ದಾರ ಕಟ್ಟಿದ ಒಂದು ರಟ್ಟಿನ ಚೀಟಿ, ಚೀಟಿಯ ಮೇಲೆ ಬರೀ ನಂಬರು. ಯಾವ ನಂಬರು ಯಾರ ಮನೆಯದು ಎಂಬುದು ಎಲ್ಲೂ ಬರೆದಿಲ್ಲ.

“ಬರೆದಿಟ್ರೆ ಕಳ್ಳನಿಗೆ ವಿಳಾಸ ಕೊಟ್ಟ ಹಾಗೆ ಕಣೇ. ತಲೇಲಿದ್ರೆ ಯಾರು ಕದೀತಾರೆ?” ಎನ್ನುತ್ತಿದ್ದರು.

ಮೂವತ್ತಾರು ವರ್ಷದಲ್ಲಿ ಒಬ್ಬರ ಕೀಲಿ ಇನ್ನೊಬ್ಬರಿಗೆ ಹೋದದ್ದಿಲ್ಲ. ಮನೆಯ ವಿಷಯಕ್ಕೆ ಬಂದರೆ ಮಾತ್ರ ಅದೇ ತಲೆ ಬೇರೆ ರೀತಿ ಓಡುತ್ತದೆ. ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, “ಮೂಲೆಮನೆಯವರು ಹಿತ್ತಿಲ ಬಾಗಿಲಿಗೆ ಡಬಲ್ ಬೀಗ ಹಾಕಿಸಿದ ವರ್ಷ” ಎನ್ನುತ್ತಾರೆ. ಅಷ್ಟಾದರೂ ಹೇಳುತ್ತಾರಲ್ಲ ಎಂದು ನಾನು ಸುಮ್ಮನಿರುತ್ತೇನೆ.

ಇವರಿಗೆ ಅರವತ್ತೆರಡು ತುಂಬಿತು. ನಮ್ಮ ಮಾವನವರಿಗೆ ಮರೆವು ಹತ್ತಿದ್ದೂ ಅರವತ್ತೆರಡಕ್ಕೇ. ಕೊನೆಗಾಲದಲ್ಲಿ ಅವರು ಇವರನ್ನೇ ನೋಡಿ, “ನೀವು ಯಾರ ಮನೆಯವರಪ್ಪ, ಬೀಗ ಕೆಟ್ಟಿದೆಯಾ?” ಎಂದು ಕೇಳುತ್ತಿದ್ದರು. ಆ ಮಾತನ್ನು ಇವರು ಎಂದೂ ಎತ್ತಿದವರಲ್ಲ. ಆದರೆ ಕಣ್ಣಿನ ಡಾಕ್ಟರ ಕರಪತ್ರವನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡದ್ದನ್ನು ನೋಡಿದಾಗಲೇ ನನಗೆ ಅರ್ಥವಾಯಿತು.

ಮರುದಿನ ಹಳೇಪುಸ್ತಕದ ಅಂಗಡಿಗೆ ಹೋದರು. ಅಲ್ಲಿ ಭಾಷೆ ಕಲಿಸುವ ಪುಸ್ತಕ ಮೂರಿದ್ದವಂತೆ. ಫ್ರೆಂಚಿಗೆ ಮೊದಲಿನ ನಲವತ್ತು ಪುಟ ಇರಲಿಲ್ಲ. ಜರ್ಮನ್ನನ್ನು ಇಲಿ ತಿಂದಿತ್ತು. ಸ್ಪ್ಯಾನಿಷ್ ಒಂದೇ ಮೈಕೈ ಸರಿಯಾಗಿತ್ತು. ಜನ ಒಂದು ಭಾಷೆಯನ್ನು ಅದರ ಕಾವ್ಯಕ್ಕೆಂದೋ ವ್ಯಾಪಾರಕ್ಕೆಂದೋ ಕಲಿಯುತ್ತಾರೆ. ನಮ್ಮವರು ಕಲಿತದ್ದು ಇಲಿಯ ಕೃಪೆಯಿಂದ.

“ಮೂವತ್ತು ಪಾಠ ಇದೆ. ಮುಗಿಯೋವರೆಗೂ ಯಾರ ಹತ್ರಾನೂ ಬಾಯಿ ಬಿಡಬಾರದು,” ಎಂದು ನನಗೂ ಮಗಳಿಗೂ ತಾಕೀತು ಮಾಡಿದರು. ಅದಕ್ಕೆ ಕಾರಣವಿತ್ತು. ಐದು ವರ್ಷದ ಹಿಂದೆ ಈಜು ಕಲಿಯುತ್ತೇನೆಂದು ಬೀದಿಗೆಲ್ಲ ಸಾರಿ, ಹೊಸ ಚಡ್ಡಿ ಕೊಂಡು, ಮೂರೇ ದಿನಕ್ಕೆ ನೆಗಡಿ ಹಿಡಿಸಿಕೊಂಡು ವಾಪಸಾಗಿದ್ದರು. ಕ್ಷೌರದಂಗಡಿಯವನು ಈಗಲೂ ತಲೆಗೆ ನೀರು ಚಿಮುಕಿಸುವಾಗ, “ಆಳ ಸಾಕಾ ಅಣ್ಣಾ?” ಎಂದು ಕೇಳುತ್ತಾನೆ.

ಹೀಗೆ ಗುಟ್ಟಿನಲ್ಲಿ ಪಾಠ ಶುರುವಾಯಿತು. ಕಲಿಯುವ ವಿಧಾನ ಇವರದೇ. ಅಂಗಡಿಗೆ ಬಂದ ಹೊಸ ಕೀಲಿಗೆ ಏನು ಮಾಡುತ್ತಾರೋ ಹೊಸ ಶಬ್ದಕ್ಕೂ ಅದನ್ನೇ ಮಾಡಿದರು. ದಾರ ಹಾಕಿ ಚೀಟಿ ಕಟ್ಟಿದರು. ಚೀಟಿಯ ಒಂದು ಬದಿಗೆ ಸ್ಪ್ಯಾನಿಷ್, ಇನ್ನೊಂದು ಬದಿಗೆ ಕನ್ನಡ. ನಾಲ್ಕು ದಿನದಲ್ಲಿ ನಮ್ಮ ಮನೆ ಇಡೀ ಮಾರಾಟಕ್ಕಿಟ್ಟ ಹಾಗೆ ಕಾಣತೊಡಗಿತು. ಕುರ್ಚಿಗೆ ಚೀಟಿ, ಮೇಜಿಗೆ ಚೀಟಿ, ಸೌಟಿಗೆ, ಕಸಬರಿಗೆಗೆ, ಕನ್ನಡಿಗೆ. ಹಲ್ಲುಜ್ಜುವ ಬ್ರಷ್ಷು ಬಾಯಿಗಿಟ್ಟರೆ ಚೀಟಿ ಗಲ್ಲಕ್ಕೆ ಬಡಿಯುತ್ತಿತ್ತು. ನಾನು ಒಗೆದ ಬಟ್ಟೆ ಹರವುತ್ತಿದ್ದಾಗ ಹಿಂದಿನಿಂದ ಬಂದು ನನ್ನ ಭುಜಕ್ಕೂ ಒಂದನ್ನು ಪಿನ್ನು ಮಾಡಿದರು.

“ಇದೇನ್ರೀ?”

“ಕುಟುಂಬದ ಪಾಠ ಕಣೇ. ಸಂಜೆವರೆಗೂ ಹಾಕ್ಕೊಂಡಿರು. ಎರಡು ಸಲ ಮರ್ತೆ ಇವತ್ತು.”

ಹಾಕಿಕೊಂಡಿದ್ದೆ. ಮೂವತ್ತೊಂದು ವರ್ಷ ಜತೆಗಿದ್ದೇನೆ, ಒಂದು ಚೀಟಿ ಏನು ಮಹಾ ಭಾರ?

ಅನರ್ಥವಾದದ್ದು ನಮ್ಮ ಮನೆಯ ಬೆಕ್ಕಿನಿಂದ. ಅದರ ಕೊರಳಿಗೂ ಚೀಟಿ ಕಟ್ಟಿದ್ದರು. ಕಟ್ಟಿಸಿಕೊಂಡ ಬೆಕ್ಕು ಅವಮಾನವಾದವರ ಹಾಗೆ ಕಿಟಕಿಯಿಂದ ಹಾರಿ ಎದುರುಮನೆಗೆ ಹೋಯಿತು. ಎದುರುಮನೆಯಲ್ಲಿರುವುದು ಟೀಚರ್. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಎಲ್ಲರ ಟೀಚರ್. ತೊಂಬತ್ತು ವರ್ಷದ ತಾಯಿಯನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಮನಸ್ಸು ಬೆಣ್ಣೆ, ಬಾಯಿ ಬಾನುಲಿ. ಅವರು ಬೆಕ್ಕನ್ನು ಎತ್ತಿಕೊಂಡು ಚೀಟಿ ನೋಡಿದರು. ಮೇಲೆ ಕಾಣುತ್ತಿದ್ದದ್ದು ಕನ್ನಡದ ಬದಿ. ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ‘ಬೆಕ್ಕು’.

ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ನಾನು ಬಾಗಿಲು ತೆರೆದೆ. ಅವರ ಕಣ್ಣು ಬಾಗಿಲ ಚೀಟಿಯ ಮೇಲೆ ಬಿತ್ತು: ‘ಬಾಗಿಲು’. ಒಳಗೆ ‘ಕುರ್ಚಿ’. ಅದರ ಪಕ್ಕ ‘ಗೋಡೆ’. ಕೊನೆಗೆ ನನ್ನ ಭುಜಕ್ಕೆ ಬಂದು ನಿಂತಿತು: ‘ಹೆಂಡತಿ’.

ಟೀಚರ ಕಣ್ಣು ತುಂಬಿ ಬಂತು.

“ಎಷ್ಟು ದಿನದಿಂದ ಹೀಗೆ?” ಎಂದು ಪಿಸುಗುಟ್ಟಿದರು.

“ನಾಲ್ಕು ದಿನ ಆಯ್ತು ಟೀಚರ್,” ಎಂದೆ ನಾನು. ಗುಟ್ಟು ಬಿಟ್ಟುಕೊಡಬಾರದಿತ್ತಲ್ಲ, ಅದಕ್ಕೇ ಅಷ್ಟಕ್ಕೇ ನಿಲ್ಲಿಸಿದೆ.

“ನಿಮ್ಮನ್ನೂ ಮರೀತಾರಾ?”

“ಇವತ್ತು ಎರಡು ಸಲ ಮರ್ತರು.”

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ಆಗ ಏನೋ ಎಡವಟ್ಟಾಗಿದೆ ಎನಿಸಿ ಸರಿಪಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಒಳಗಿನಿಂದ ಬಂದು, ಟೀಚರ ಕಂಕುಳನ್ನು ನೋಡಿ ಬೆರಳು ತೋರಿಸಿ, ಪಾಠ ಒಪ್ಪಿಸುವ ಹುಡುಗನ ಸಂತೋಷದಲ್ಲಿ, “ಬೆಕ್ಕು!” ಎಂದರು. ಸ್ಪ್ಯಾನಿಷ್‌ನಲ್ಲಿ ಹೇಳಲು ಹೊರಟು, ಗುಟ್ಟು ನೆನಪಾಗಿ, ನಾಲಗೆಯನ್ನು ಕನ್ನಡಕ್ಕೆ ತಿರುಗಿಸಿದ್ದರು.

“ಹೌದು ಅಣ್ಣಾ, ಬೆಕ್ಕು,” ಎಂದರು ಟೀಚರ್, ಒಂದನೇ ತರಗತಿಗೆ ಹೇಳುವ ದನಿಯಲ್ಲಿ. “ಭಾಳ ಚೆನ್ನಾಗಿ ಹೇಳಿದ್ರಿ.”

ಸಂಜೆಯೊಳಗೆ ಬೀದಿಗೆ ಗೊತ್ತಾಯಿತು. ಮರುದಿನದೊಳಗೆ ಇವರ ಅಕ್ಕನಿಗೆ ಗೊತ್ತಾಯಿತು. ಅತ್ತಿಗೆಯವರು ಮೂರು ಗಂಟೆ ಬಸ್ಸಿನಲ್ಲಿ ಕೂತು, ಒಂದು ಬುಟ್ಟಿ ಕಿತ್ತಳೆ ಹೊತ್ತು ಬಂದರು. ಒಳಗೆ ಕಾಲಿಟ್ಟವರೇ ತಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತು, ಕಿವುಡರ ಜತೆ ಮಾತಾಡುವಷ್ಟು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು: “ತಮ್ಮಾ, ನಾ-ನು ಯಾ-ರು ಹೇ-ಳು?”

“ನನ್ನ ಕೈಗಡಿಯಾರ ನೀರಿಗೆ ಹಾಕಿ ತೊಳೆದೋಳು. ನಂಗೆ ಹನ್ನೊಂದು ವರ್ಷ ಆಗ.”

ಅತ್ತಿಗೆ ನನ್ನ ಕಡೆ ತಿರುಗಿ ನಿಟ್ಟುಸಿರಿಟ್ಟರು. “ಹಳೇದೆಲ್ಲ ನೆನಪಿರುತ್ತಂತಮ್ಮ. ಅಪ್ಪನಿಗೂ ಹಂಗೇ ಇತ್ತು. ಹೊಸದೇ ಹೋಗೋದು.”

ಆಗ ಇವರಿಗೆ ವಿಷಯ ಅರ್ಥವಾಯಿತು. ಮರ್ಯಾದೆ ಹೋದರೆ ಹೋಗಲಿ ಎಂದು ಗುಟ್ಟು ಒಡೆದುಬಿಟ್ಟರು.

“ಅಕ್ಕಾ, ನಂಗೇನೂ ಆಗಿಲ್ಲ. ನಾನು ಸ್ಪ್ಯಾನಿಷ್ ಕಲೀತಿದೀನಿ.”

ಅತ್ತಿಗೆ ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಕರ್ಚೀಫು ತೆಗೆದರು.

“ಯಾವಾಗಿಂದ ಹೀಗಂತಾನೆ?”

“ನಿಜ ಅತ್ತಿಗೆ, ಕಲೀತಿದಾರೆ,” ಎಂದೆ ನಾನು.

“ನೀನು ಒಳ್ಳೇವಳಮ್ಮ. ಅವನ ಮನಸ್ಸು ನೋಯಿಸಬಾರದು ಅಂತ ಹೌದು ಹೌದು ಅಂತಿದೀಯ. ಡಾಕ್ಟರೂ ಅದನ್ನೇ ಹೇಳೋದು.”

“ಬೇಕಾದ್ರೆ ಮಾತಾಡಿ ತೋರಿಸ್ತೀನಿ!” ಎಂದು ಇವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು ಹನ್ನೊಂದನೆಯ ಪಾಠದ ಒಂದೇ ಒಂದು ಪೂರ್ತಿ ವಾಕ್ಯವನ್ನು ನಿರರ್ಗಳವಾಗಿ ಹೇಳಿದರು. “ಎಲ್ ಸೊಂಬ್ರೆರೊ ದೆ ಮಿ ತಿಯೊ ಎಸ್ತಾ ದೆಬಾಹೊ ದೆ ಲಾ ಮೆಸಾ.”

“ಹಾಗಂದ್ರೆ?”

“ನನ್ನ ಚಿಕ್ಕಪ್ಪನ ಟೋಪಿ ಮೇಜಿನ ಕೆಳಗಿದೆ.”

ಅತ್ತಿಗೆ ಬಗ್ಗಿ ಮೇಜಿನ ಕೆಳಗೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ಮೇಲೆದ್ದರು.

“ನಮಗೆ ಚಿಕ್ಕಪ್ಪನೇ ಇಲ್ವಲ್ಲೋ ತಮ್ಮಾ!” ಎಂದು ಅಳತೊಡಗಿದರು.

ಅತ್ತಿಗೆ ಅಲ್ಲೇ ಉಳಿದರು. ಅವರ ಹಿಂದೆ ಇವರ ದೊಡ್ಡಪ್ಪನ ಮಗ ಬಂದ, ಅವನ ಹೆಂಡತಿ ಬಂದಳು, ನನ್ನ ಕಡೆಯ ಮೂವರು ಬಂದರು. ಎಲ್ಲರೂ ಕಿತ್ತಳೆಯನ್ನೇ ತಂದರು. ಮರೆವಿಗೂ ಕಿತ್ತಳೆಗೂ ಏನು ಸಂಬಂಧವೋ ಕಾಣೆ. ಎಲ್ಲರೂ ‘ನಾನು ಯಾರು’ ಎಂದು ಕೇಳಿದರು. ಇವರು ಎಲ್ಲರಿಗೂ ಸರಿಯುತ್ತರ ಕೊಟ್ಟರು. ಎಲ್ಲರೂ ಕಣ್ಣೊರೆಸಿಕೊಂಡು ಹೋದರು.

ನೆಂಟರದೇನೋ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಹಲಗೆಯದು.

ಮೊದಲು ಬಂದವರು ಮೂಲೆಮನೆಯವರು. ಇವರ ಮುಖ ನೋಡದೆ ಕ್ಯಾಲೆಂಡರಿನ ಕಡೆ ನೋಡುತ್ತ, “ಅಣ್ಣಾ, ನಮ್ಮ ಕೀ ಒಂಚೂರು ಬೇಕಿತ್ತು, ಒಂದು ಕಳೆದುಹೋಯ್ತು,” ಎಂದರು. ಇವರು ತಿರುಗದೆಯೇ ಕೈಚಾಚಿ ಮೂವತ್ತೇಳನೇ ಮೊಳೆಯಿಂದ ತೆಗೆದು ಕೊಟ್ಟರು. ಅವರ ಹಿಂದೆ ಬೇಕರಿಯವರು. ಅವರದೂ ಕಳೆದುಹೋಗಿತ್ತು. ಆಮೇಲೆ ಕ್ಷೌರದಂಗಡಿಯವನು, ಟೈಲರಮ್ಮ, ಅಂಚೆಯವರು. ಒಂದೇ ವಾರದಲ್ಲಿ ಒಂದು ಬೀದಿಯಲ್ಲಿ ಇಷ್ಟೊಂದು ಕೀಲಿ ಕಳೆದದ್ದು ಪೊಲೀಸರಿಗೆ ತಿಳಿಯಬೇಕಿತ್ತು. ಕೊನೆಗೆ ಟೀಚರ್ ಬಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ.

“ತಪ್ಪು ತಿಳ್ಕೋಬೇಡಿ ಅಣ್ಣಾ. ಯಾವ ಕೀ ಯಾರದು ಅಂತ ನಿಮ್ಮ ತಲೇಲಿ ಮಾತ್ರ ಇದೆ. ಮನೇಲಿ ವಯಸ್ಸಾದ ಅಮ್ಮ ಇದಾರೆ ನಂಗೆ.”

“ಅದರಲ್ಲೇನಿದೆ ಟೀಚರ್,” ಎಂದು ಇವರು ಕೀಲಿ ಕೊಟ್ಟರು. ಚೀಟಿಯನ್ನು ಬಿಚ್ಚಿ ಡ್ರಾಯರಿಗೆ ಹಾಕಿದರು. ಐವತ್ತೆಂಟು ಚೀಟಿಗಳೂ ಡ್ರಾಯರು ಸೇರಿದವು. ಹಲಗೆಯಲ್ಲಿ ಉಳಿದದ್ದು ಮೊಳೆಗಳು.

ಇದಿಷ್ಟು ಸಾಲದೆಂಬಂತೆ ಬುಧವಾರ ಲೈಸೆನ್ಸ್ ಆಫೀಸಿನ ಸಾಹೇಬರು ಬಂದರು. ಯಾರೋ ಹಿತೈಷಿಗಳು ಅರ್ಜಿ ಬರೆದಿದ್ದರಂತೆ. ಹಿತೈಷಿಗಳ ಕೈಬರಹ ಯಾವಾಗಲೂ ಮುದ್ದಾಗಿರುತ್ತದೆ. ಸಾಹೇಬರು ಕಂಕುಳಿನ ಚರ್ಮದ ಚೀಲವನ್ನು ಬೆಂಚಿನ ಮೇಲಿಟ್ಟು, ಒಂದು ಫಾರಂ ತೆಗೆದು, “ಗಾಬರಿ ಬೇಡ, ಸಣ್ಣ ಪ್ರಶ್ನೆ,” ಎಂದರು. ಸಣ್ಣ ಪ್ರಶ್ನೆ ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ.

“ಇವತ್ತು ಯಾವ ವಾರ?”

ಇವರು ಬೆಳಗ್ಗೆಯಿಂದ ಹನ್ನೆರಡನೆಯ ಪಾಠ, ವಾರಗಳನ್ನು ಉರು ಹೊಡೆಯುತ್ತಿದ್ದರು.

“ಮಾರ್ತೆಸ್.”

“ಏನಂದ್ರಿ?”

“ಅಲ್ಲ ಅಲ್ಲ, ಮಂಗಳವಾರ ಸಾರ್.”

ಸಾಹೇಬರು ಬರೆದುಕೊಂಡರು. ಅಂದು ಬುಧವಾರವೆಂದು ಆಗಲೇ ಹೇಳಿದೆನಲ್ಲ. ನನಗೂ ಮಂಗಳವಾರವೆಂದೇ ಇತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

“ಯಾವ ಕೀ ಯಾರದು ಅಂತ ರಿಜಿಸ್ಟರ್ ಇದೆಯಾ?”

“ಇಲ್ಲ ಸಾರ್. ತಲೇಲಿದೆ.”

ಸಾಹೇಬರು ಪೆನ್ನು ಕೆಳಗಿಟ್ಟರು. ಆ ಮನುಷ್ಯ ಕೆಟ್ಟವರಲ್ಲ. ನಿಧಾನವಾಗಿಯೇ ಹೇಳಿದರು. “ನೋಡಿ ಯಜಮಾನ್ರೇ, ಬೀಗದ ಕೆಲಸ ಅಂದ್ರೆ ನಂಬಿಕೆ ಕೆಲಸ. ಬರೋ ಬುಧವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ಮನೇಲಿ ಮಾತಾಡ್ಕೊಳ್ಳಿ. ಲೈಸೆನ್ಸ್ ನೀವಾಗೇ ವಾಪಸ್ ಕೊಟ್ರೆ ಗೌರವ. ನಾನು ಕಿತ್ಕೊಂಡ ಹಾಗೆ ಆಗೋದು ಬೇಡ.”

ಆ ವಾರ ನಮ್ಮ ಮನೆಯಲ್ಲಿ ಒಂದು ಶಬ್ದ ಸತ್ತುಹೋಯಿತು. ‘ಮರೆತೆ’ ಎಂಬ ಶಬ್ದ. ಮಗಳು ಟಿಫಿನ್ ಡಬ್ಬಿ ಬಿಟ್ಟು ಹೋದರೆ, “ಬೇಕಂತಲೇ ಬಿಟ್ಟೆ,” ಎನ್ನುತ್ತಿದ್ದಳು. ನಾನು ಉಪ್ಪು ಹಾಕದೆ ಬಡಿಸಿದರೆ, “ಡಾಕ್ಟರು ಹೇಳಿದಾರೆ,” ಎನ್ನುತ್ತಿದ್ದೆ. ಇವರು ಹಾಲು ತರಲು ಹೋಗಿ ಸೋಪು ತಂದರು. ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಸೋಪನ್ನು ನೋಡಿದರು, ಕುರ್ಚಿಯಲ್ಲಿದ್ದ ಅಕ್ಕನನ್ನು ನೋಡಿದರು. “ಸೋಪೇ ಬೇಕಿತ್ತು,” ಎಂದರು. “ಹೌದ್ರೀ, ಸೋಪೇ ಬೇಕಿತ್ತು,” ಎಂದೆ ನಾನು. ಆಮೇಲೆ ಹಿಂಬಾಗಿಲಿಂದ ಹೋಗಿ ಹಾಲು ತಂದೆ.

ಆದರೆ ಸೋಮವಾರ ಮಧ್ಯಾಹ್ನ ನಾನು ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಊಟಕ್ಕೆ ಕರೆಯಲು ಕೆಳಗಿಳಿದಿದ್ದೆ. ಇವರು ಖಾಲಿ ಹಲಗೆಯ ಎದುರು ನಿಂತು, ಒಂದೊಂದು ಬರೀ ಮೊಳೆಗೂ ಬೆರಳಿಟ್ಟು, ಏನೋ ಗುನುಗುತ್ತಿದ್ದರು. ಮೊಳೆಯಿಂದ ಮೊಳೆಗೆ, ಸಾಲಿನಿಂದ ಸಾಲಿಗೆ. ಅಲ್ಲಿ ಇಲ್ಲದ್ದನ್ನು ಎಣಿಸುವವರ ಹಾಗೆ. ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಸಂಜೆ ಬಂದು ನನ್ನ ಮುಖ ನೋಡಿ, “ಏನಮ್ಮಾ?” ಎಂದಳು.

“ಏನಿಲ್ಲ.”

“ಅಮ್ಮಾ, ಒಂದು ಸಲ ತೋರಿಸೋಣ. ಏನೂ ಇಲ್ಲ ಅಂತ ಗೊತ್ತಾದ್ರೂ ಗೊತ್ತಾಗ್ಲಿ.”

ಅದನ್ನು ಇವರು ಕೇಳಿಸಿಕೊಂಡರು. ಕರಪತ್ರ ಹೇಳಿದಂತೆ ಕಿವಿ ಚುರುಕಾಗಿತ್ತೋ ಏನೋ. ಮಗಳು ಕೈತೊಳೆಯಲು ಹೋದಾಗ ಪಾತ್ರೆ ಒರೆಸುತ್ತಿದ್ದ ನನ್ನ ಪಕ್ಕ ಬಂದು ನಿಂತು, ಒಂದು ಲೋಟವನ್ನು ಸುಮ್ಮನೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಲೇ, ಇಷ್ಟು ಜನ ಹೇಳ್ತಿದಾರೆ. ನಿಜಾನೇ ಇದ್ರೆ? ಅಪ್ಪನಿಗೂ ಆಗ ಗೊತ್ತಾಗಿರ್ಲಿಲ್ಲ.”

“ಊಟ ಏನು ಮಾಡಿದ್ರಿ ಮಧ್ಯಾಹ್ನ?”

“ಅನ್ನ, ಬೇಳೆ. ಉಪ್ಪಿರಲಿಲ್ಲ.”

“ಮತ್ತೆ? ನಂಗೇ ನೆನಪಿರಲಿಲ್ಲ ಉಪ್ಪಿಲ್ಲ ಅಂತ,” ಎಂದೆ. ಅವರು ನಕ್ಕರು. ಆದರೆ ಕೆಳಗಿಳಿದು ಅಂಗಡಿಯ ಗೋಡೆಯ ಮೇಲಿದ್ದ ಲೈಸೆನ್ಸನ್ನು ಚೌಕಟ್ಟಿನಿಂದ ಬಿಚ್ಚಿ, ಧೂಳೊರೆಸಿ, ಲಕೋಟೆಗೆ ಹಾಕಿಟ್ಟರು.

ಬುಧವಾರ ಬಂತು. ಸಾಹೇಬರೂ ಬಂದರು. ಲಕೋಟೆ ಬೆಂಚಿನ ಮೇಲಿತ್ತು. ಅತ್ತಿಗೆ ತಮ್ಮನ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಇವರು ಲಕೋಟೆಯನ್ನು ಮುಂದಕ್ಕೆ ಸರಿಸಬೇಕು ಎನ್ನುವಾಗ ಬೀದಿಯಿಂದ ಕೂಗು ಕೇಳಿಸಿತು. ಟೀಚರ್ ಮನೆಯ ಚಪ್ಪಲಿಯಲ್ಲೇ, ಕೈಯಲ್ಲಿ ಕಸದ ಬುಟ್ಟಿ ಹಿಡಿದು ಓಡಿ ಬರುತ್ತಿದ್ದರು.

“ಬಾಗಿಲು ಹಾಕ್ಕೊಂಬಿಡ್ತು! ಒಲೆ ಮೇಲೆ ಹಾಲಿದೆ, ಅಮ್ಮ ಮಲಗಿದಾರೆ, ಕಿವಿ ಮೆಷಿನ್ ತೆಗೆದಿಟ್ಟಿದಾರೆ!”

“ಇನ್ನೊಂದು ಕೀ ಎಲ್ಲಿ ಟೀಚರ್?” ಎಂದೆ ನಾನು.

ಟೀಚರ್ ನನ್ನ ಮುಖ ನೋಡಿದರು. “ಬೀರುವಿನಲ್ಲಿ. ಒಳಗೆ.”

ಬೀದಿಯಲ್ಲಿ ಜನ ಸೇರಿದರು. ಅಂಚೆಯವರು ಬಾಗಿಲಿಗೆ ಭುಜ ಕೊಟ್ಟು ಭುಜ ಹಿಡಿದುಕೊಂಡು ಕೂತರು. ಅದು ಟೀಚರೇ ಹಠ ಹಿಡಿದು ಹಾಕಿಸಿಕೊಂಡ ಗಟ್ಟಿ ಬಾಗಿಲು, ಇವರೇ ಕೂರಿಸಿದ ಗಟ್ಟಿ ಬೀಗ. ಮಗಳು ಅಗ್ನಿಶಾಮಕದವರಿಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಎಂದರು. ಅಡುಗೆಮನೆಯ ಕಿಟಕಿಯ ಸಂದಿಯಿಂದ ಸೀದ ವಾಸನೆ ಆಗಲೇ ಬರುತ್ತಿತ್ತು.

“ಬೀಗ ಬಿಚ್ಚೋಕೆ ನಲವತ್ತು ನಿಮಿಷ ಬೇಕು,” ಎಂದರು ಇವರು. ಆಮೇಲೆ ಯಾರಿಗೂ ಅಲ್ಲದಂತೆ, “ಕೀ ಕೊರೆದ್ರೆ ನಾಲ್ಕು,” ಎಂದರು.

“ಯಾವ ಕೀ ನೋಡಿ ಕೊರೀತೀರಿ?” ಎಂದರು ಸಾಹೇಬರು.

“ತಮ್ಮಾ, ನೀನು ಕೂತ್ಕೋ. ಆಯಾಸ ಮಾಡ್ಕೋಬೇಡ,” ಎಂದರು ಅತ್ತಿಗೆ.

ಇವರು ನಿಂತಲ್ಲೇ ನಿಂತರು. ಕೈ ಅಂಗಿಯ ಅಂಚನ್ನು ಹಿಡಿದಿತ್ತು. ಎಲ್ಲರನ್ನೂ ಬಿಟ್ಟು ನನ್ನ ಕಡೆ ನೋಡಿದರು.

“ನೆನಪಿದೆ ಅನ್ಸುತ್ತೆ ಕಣೇ. ಇಲ್ದಿದ್ರೆ?”

ಸೋಮವಾರ ಮೆಟ್ಟಿಲ ಮೇಲೆ ಕೂತದ್ದು ನನ್ನ ಕಣ್ಣಮುಂದೆ ಬಂತು. ಆದರೂ ಬಾಯಿ ತಾನಾಗಿ ಹೇಳಿತು. “ಇಲ್ದಿದ್ರೆ ಇನ್ನೊಂದು ಕೊರೀರಿ. ಹೋಗಿ.”

ಹೋದರು. ಕಚ್ಚು ಕೊರೆಯದ ಖಾಲಿ ಕೀಯೊಂದನ್ನು ಮೆಷಿನ್ನಿಗೆ ಸಿಕ್ಕಿಸಿದರು. ಹಲಗೆಯ ಕಡೆ ತಿರುಗಿ, ಮೂರನೇ ಸಾಲಿನ ಒಂದು ಬರೀ ಮೊಳೆಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿದರು.

“ತ್ರೆಸ್,” ಎಂದರು. ಮೆಷಿನ್ನು ಕಿರ್ರೆಂದಿತು. “ಉನೊ.” ಕಿರ್ರೆಂದಿತು. “ಸಿಂಕೊ. ಸಿಂಕೊ. ದೋಸ್.”

“ಏನದು?” ಎಂದರು ಸಾಹೇಬರು ನನ್ನ ಕಿವಿಯ ಹತ್ತಿರ.

“ನಂಗೊತ್ತಿಲ್ಲ ಸಾರ್,” ಎಂದೆ.

ಉತ್ತರ ಕೊಟ್ಟದ್ದು ಇವರೇ, ಅರದಿಂದ ಅಂಚು ಉಜ್ಜುತ್ತ. “ಕಚ್ಚು ಸಾರ್. ಒಂದು ಕೀಗೆ ಐದು ಕಚ್ಚು, ಒಂದೊಂದಕ್ಕೆ ಒಂದರಿಂದ ಆರರವರೆಗೆ ಆಳ. ಆರನೇ ಪಾಠದಲ್ಲಿ ಅಂಕಿ ಬಂತು. ನಂಗೆ ಬಾಯಿಪಾಠ ಮಾಡೋಕೆ ಬೇರೇನಿದೆ? ಬೀದಿ ಕೀಗಳನ್ನೇ ಸ್ಪ್ಯಾನಿಷ್‌ನಲ್ಲಿ ಓದ್ತಿದ್ದೆ. ಕೀ ಎಲ್ಲ ಹೋದ ಮೇಲೆ ಮೊಳೆ ನೋಡ್ಕೊಂಡು ಒಪ್ಪಿಸ್ತಿದ್ದೆ.”

ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಸೋಮವಾರದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಕಲ್ಲನ್ನು ಎಲ್ಲಿ ಇಳಿಸುವುದೆಂದು ಗೊತ್ತಾಗಲಿಲ್ಲ.

ಬೀದಿ ದಾಟಿದರು. ಹಿಂದೆ ಸಾಹೇಬರು, ಅತ್ತಿಗೆ, ಅರ್ಧ ಸುಲಿದ ಕಿತ್ತಳೆ, ಐವತ್ತು ಜನ. ಹೊಸ ಕೀ ಬೀಗದೊಳಗೆ ಹೋಯಿತು. ತಿರುಗಲಿಲ್ಲ. ಟೀಚರ ಬಾಯಿಂದ ಸಣ್ಣ ಸದ್ದೊಂದು ಬಂತು. ಇವರು ಕೀಯನ್ನು ಹೊರಗೆಳೆದು, ಒಂದು ಕಡೆ ಉಗುರಿನಿಂದ ಪುಡಿ ಕೊಡವಿ, ಬಾಯಿಂದ ಊದಿ, ಮತ್ತೆ ಹಾಕಿದರು. ತಿರುಗಿತು.

ಒಳಗೆ ಹೊಗೆ ಸೂರಿಗೆ ತಾಕಿತ್ತು. ಮಗಳು ನುಗ್ಗಿ ಒಲೆ ಆರಿಸಿದಳು. ಪಾತ್ರೆಯ ತಳ ಕಲ್ಲಿದ್ದಲಾಗಿತ್ತು. ಅದರ ಪಕ್ಕದ ಒರೆಸುವ ಬಟ್ಟೆಯ ಒಂದು ಮೂಲೆ ಕಪ್ಪಾಗಿ, ಹೊತ್ತಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಒಳಕೋಣೆಯಲ್ಲಿ ಟೀಚರ ತಾಯಿ ಗೊರಕೆ ಹೊಡೆಯುತ್ತಿದ್ದರು. ಗಲಾಟೆಗೆ ಎಚ್ಚರಾಗಲಿಲ್ಲ, ಗಾಳಿ ಬೀಸಿದ್ದಕ್ಕೆ ಕಣ್ಣು ಬಿಟ್ಟರು. ಮಂಚದ ಸುತ್ತ ನಿಂತ ಇಡೀ ಬೀದಿಯನ್ನು ನೋಡಿ ಕೇಳಿದರು: “ನಾನು ಹೋಗ್ಬಿಟ್ನಾ?”

“ಇಲ್ಲಜ್ಜಿ, ಇನ್ನೂ ಇದೀರ,” ಎಂದಳು ಮಗಳು.

“ಮತ್ಯಾಕೆ ಇಷ್ಟೊಂದು ಜನ? ಹೋಗ್ರಪ್ಪ, ನಿದ್ದೆ ಬರ್ತಿದೆ.”

ಸಾಹೇಬರು ಅಂಗಡಿಗೆ ವಾಪಸು ಬಂದು ಬೆಂಚಿನ ಮೇಲಿನ ಲಕೋಟೆಯನ್ನು ಎತ್ತಿದರು. ಒಳಗಿನ ಕಾಗದ ತೆಗೆದು, ಗೋಡೆಯ ಖಾಲಿ ಚೌಕಟ್ಟಿಗೆ ತಾವೇ ಸಿಕ್ಕಿಸಲು ನೋಡಿದರು. ತಲೆಕೆಳಗಾಗಿ ಹೋಯಿತು. ಅತ್ತಿಗೆ ಸರಿಮಾಡಿದರು. ಹೊರಡುವಾಗ ಸಾಹೇಬರು ಚರ್ಮದ ಚೀಲವನ್ನು ಮುಂದಿಟ್ಟು, ದನಿ ತಗ್ಗಿಸಿ ಹೇಳಿದರು. “ಇದರ ಕೊಂಡಿ ಎರಡು ವರ್ಷದಿಂದ ಕೂರ್ತಿಲ್ಲ ಯಜಮಾನ್ರೇ. ನೋಡ್ತೀರಾ?”

ಅವರು ಅಂಗಡಿಯಿಂದ ಹೊರಗೆ ಕಾಲಿಡುವ ಮೊದಲೇ ಟೀಚರ್ ಬಂದರು. ಕೈಯಲ್ಲಿ ಬೀರುವಿನಲ್ಲಿದ್ದ ಆ ಎರಡನೆಯ ಕೀ. ಅದನ್ನು ಬೆಂಚಿನ ಮೇಲಿಟ್ಟು, ಕ್ಷಮೆ ಕೇಳಲು ಬಾಯಿ ತೆರೆದು, ಕೇಳಲಾಗದೆ, ಗದರಿದರು. ಟೀಚರಿಗೆ ಬರುವುದು ಅದೊಂದೇ.

“ಮೊದಲೇ ಸರಿಯಾಗಿ ಹೇಳೋಕೇನಾಗಿತ್ತು ನಿಮಗೆ? ಸ್ಪ್ಯಾನಿಷೋ ಗೀನಿಷೋ, ಯಾವ ಭಾಷೇಲಾದ್ರೂ ಓದ್ಕೊಳ್ಳಿ. ಕೀ ಇಲ್ಲೇ ಇರ್ಲಿ.”

ಅವರ ಹಿಂದೆ ಮೂಲೆಮನೆಯವರು ನಿಂತಿದ್ದರು. ಕಳೆದುಹೋಗಿದ್ದ ಕೀ ಸಿಕ್ಕಿತಂತೆ. ಬೇಕರಿಯವರದೂ ಸಿಕ್ಕಿತ್ತು. ಆ ಸಂಜೆ ಬೀದಿಯಲ್ಲಿ ಕಳೆದದ್ದೆಲ್ಲ ಸಿಕ್ಕಿತು. ಇವರು ಡ್ರಾಯರಿನಿಂದ ಒಂದೊಂದೇ ಚೀಟಿ ತೆಗೆದು ದಾರ ಕಟ್ಟಿದರು. ಯಾವುದು ಯಾರದೆಂದು ಯಾರನ್ನೂ ಕೇಳಲಿಲ್ಲ.

ಅತ್ತಿಗೆ ಭಾನುವಾರ ಊರಿಗೆ ಹೊರಡುವವರಿದ್ದರು. ಊಟವಾದ ಮೇಲೆ ಎಲ್ಲರೂ ಮೇಲಿನ ಕೋಣೆಯಲ್ಲಿ ಕೂತಿದ್ದೆವು. ಅತ್ತಿಗೆ ಚೀಲ ತುಂಬುತ್ತಿದ್ದರು. ಟೀಚರ್ ತಾಯಿಯ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದರು. ಗುಟ್ಟು ಈಗ ಗುಟ್ಟಲ್ಲವಾದ್ದರಿಂದ ಪುಸ್ತಕ ನನ್ನ ಕೈಯಲ್ಲಿತ್ತು, ನಾನು ಹತ್ತೊಂಬತ್ತನೆಯ ಪಾಠ ಕೇಳುತ್ತಿದ್ದೆ. ಮೋಡ ಹೇಳಿದರು. ಮರ ಹೇಳಿದರು. ಸೇತುವೆಯನ್ನು ಸ್ವಲ್ಪ ತಡವರಿಸಿ ಹೇಳಿದರು.

“ಚಮಚಕ್ಕೆ?” ಎಂದೆ.

ಸೂರು ನೋಡಿದರು. ಗಲ್ಲ ಕೆರೆದುಕೊಂಡರು. ತುಟಿ ಅಲ್ಲಾಡಿತು, ಶಬ್ದ ಬರಲಿಲ್ಲ. ಅತ್ತಿಗೆಯ ಕೈ ಚೀಲದೊಳಗೇ ನಿಂತಿತು. ಮಗಳು ಪತ್ರಿಕೆಯ ಮೇಲಿಂದ ಕಣ್ಣೆತ್ತಿದಳು.

“ಮರ್ತ್ಬಿಟ್ಟೆ ಕಣೇ!” ಎಂದರು ಇವರು, ಬೀದಿಯ ಕೊನೆಯವರೆಗೂ ಕೇಳುವಷ್ಟು ಜೋರಾಗಿ. ಮುಖದ ತುಂಬ ನಗು. “ಪೂರ್ತಿ ಮರ್ತ್ಬಿಟ್ಟೆ! ಒಂದಕ್ಷರ ನೆನಪಿಲ್ಲ!”

ಟೀಚರ್ ಸೂಜಿಯಿಂದ ಕಣ್ಣು ಎತ್ತಲಿಲ್ಲ. ಹಲ್ಲಿನಿಂದ ದಾರ ಕಡಿದು ಹೇಳಿದರು.

“ಮರೆತ್ರೆ ಮತ್ತೆ ಓದ್ಕೊಳ್ಳಿ ಅಣ್ಣಾ. ಅದಕ್ಯಾಕಿಷ್ಟು ಗಲಾಟೆ?”

ನಾನು ಪುಸ್ತಕವನ್ನು ತಿರುಗಿಸಿ ಅವರ ಕಡೆ ಹಿಡಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು.